ಆಲ್ಟೊ ಫ್ಲೂಟ್‌ಗೆ ‘ಜೋರಾಗಿ ಊದಿ’ ಅನ್ನಬೇಡಿ

ರಿಹರ್ಸಲ್‌ನಲ್ಲಿ ನನಗೆ ಸಿಗುವ ಹೊಸ ಸಂಯೋಜಕರಲ್ಲಿ ಹೆಚ್ಚಿನವರು ಒಳ್ಳೆಯ ಹುಡುಗರು, ಹುಡುಗಿಯರು. ಕಿವಿ ಚುರುಕು. ಕಂಪ್ಯೂಟರ್ ಕೆಲಸವಂತೂ ನನಗಿಂತ ಎಷ್ಟೋ ಚೆನ್ನಾಗಿ ಗೊತ್ತು. ಆದರೆ ಆಲ್ಟೊ ಫ್ಲೂಟ್ ವಿಷಯ ಬಂದರೆ ಎಲ್ಲರೂ ಒಂದೇ ಗುಂಡಿಗೆ ಬೀಳುತ್ತಾರೆ. ಮಾಮೂಲಿ ಫ್ಲೂಟ್‌ಗಿಂತ ಇದು ಉದ್ದ, ದಪ್ಪ. ಹಾಗಾದರೆ ದನಿಯೂ ದೊಡ್ಡದು ತಾನೇ ಅನ್ನೋದು ಅವರ ಲೆಕ್ಕ. ಕೆಳಗಿನ ಸ್ಥಾಯಿಯಲ್ಲಿ ಚೆಂದದ ಒಂದು ಸಾಲು ಬರೆಯುತ್ತಾರೆ. ಅದರ ಸುತ್ತ ಪಿಟೀಲುಗಳು, ಡ್ರಮ್ಸ್, ಬೇಸ್ ಗಿಟಾರ್ ಎಲ್ಲ ತುಂಬುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, “ಸರ್, ಸ್ವಲ್ಪ ಜೋರಾಗಿ ಊದಿ” ಅನ್ನುತ್ತಾರೆ.

ಊದಬಹುದಪ್ಪಾ. ಊದಿದರೆ ಏನಾಗುತ್ತದೆ ಕೇಳಿ. ಮೊದಲು ಶ್ರುತಿ ಏರುತ್ತದೆ. ಇನ್ನೂ ಒತ್ತಿದರೆ ಸ್ವರವೇ ಮೇಲಿನ ಸ್ಥಾಯಿಗೆ ಹಾರುತ್ತದೆ. ನಡುವೆ ಉಸಿರು ಖಾಲಿ. ಈ ವಾದ್ಯಕ್ಕೆ ಮೊದಲೇ ಗಾಳಿ ಜಾಸ್ತಿ ಬೇಕು. ಮಾಮೂಲಿ ಫ್ಲೂಟ್‌ನ ಒಳಗಿನ ಅಗಲ ಸುಮಾರು 19 ಮಿಲಿಮೀಟರ್, ಇದರದ್ದು ಸುಮಾರು 26. ಅಲ್ಲಿ ಒಂದೇ ಉಸಿರಿನಲ್ಲಿ ಮುಗಿಯುವ ಸಾಲಿಗೆ ಇಲ್ಲಿ ನಡುವೆ ಉಸಿರು ತೆಗೆದುಕೊಳ್ಳಲೇಬೇಕು.

ದೊಡ್ಡ ಕೊಳವೆ ಅಂದರೆ ಕೆಳಗಿನ ಸ್ವರ, ಅಷ್ಟೇ. ಜೋರು ದನಿ ಅಂತ ಅರ್ಥವಲ್ಲ. ನೂರು ಸಲ ಹೇಳಿದ ಮಾತು ಇದು, ಆದರೂ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ಆಲ್ಟೊದ ಅತಿ ಕೆಳಗಿನ ಸ್ವರ 196 ಹರ್ಟ್ಸ್ ಹತ್ತಿರದ ಜಿ. ಪಾಶ್ಚಾತ್ಯ ಪದ್ಧತಿಯಲ್ಲಿ ಶ್ರುತಿ ಮಾಡಿದ ಪಿಟೀಲಿನ ದಪ್ಪ ತಂತಿಯದೂ ಅದೇ ಸ್ವರ. ಆದರೆ ಆ ತಂತಿಯ ಮೇಲೆ ಕಮಾನು ಎಳೆದಾಗ ಮೂಲ ಸ್ವರದ ಜೊತೆ ಮೇಲಿನ ಉಪಸ್ವರಗಳ, ಅಂದರೆ ಅದೇ ದನಿಯೊಳಗೆ ಅಡಗಿರುವ ಎತ್ತರದ ಸ್ವರಗಳ, ದೊಡ್ಡ ಗುಂಪೇ ಹೊರಡುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವುದು ಆ ಮೇಲಿನ ಭಾಗದಲ್ಲಿ, ಎರಡರಿಂದ ನಾಲ್ಕು ಸಾವಿರ ಹರ್ಟ್ಸ್ ಆಸುಪಾಸು. ಗದ್ದಲದಲ್ಲೂ ಪಿಟೀಲು ಕಿವಿಗೆ ಬೀಳುವುದು ಅದರಿಂದಲೇ. ಆಲ್ಟೊದ ಕೆಳಸ್ಥಾಯಿಯಲ್ಲಿ ಆ ಎತ್ತರದ ಉಪಸ್ವರಗಳು ಬಹಳ ಕಡಿಮೆ. ಅದರ ಮೆತ್ತನೆಯ, ಸ್ವಲ್ಪ ಗಾಳಿ ಬೆರೆತ ಸೊಗಸು ಬಂದಿರುವುದು ಅಲ್ಲಿಂದಲೇ. ಬೇರೆ ವಾದ್ಯಗಳು ಅದನ್ನು ಸುಲಭವಾಗಿ ಮುಚ್ಚಿಹಾಕುವುದಕ್ಕೂ ಅದೇ ಕಾರಣ. ಸೊಗಸು ಬೇಕು, ಮುಚ್ಚಿಹೋಗಬಾರದು ಅಂದರೆ ಆಗುವುದಿಲ್ಲ. ಮದುವೆ ಮನೆಯ ವಾಲಗದ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ ಆಗುತ್ತದೆ. ವಾದಕರು, ವಾದ್ಯ, ಹಾಲ್ ನೋಡಿಕೊಂಡು ಇದು ಸ್ವಲ್ಪ ಹೆಚ್ಚು ಕಡಿಮೆ ಆಗುವುದುಂಟು, ಒಪ್ಪುತ್ತೇನೆ. ಆದರೆ ಆ ಸ್ವಲ್ಪವನ್ನು ನಂಬಿಕೊಂಡು ಬರೆಯಬೇಡಿ.

“ಲ್ಯಾಪ್‌ಟಾಪ್‌ನಲ್ಲಿ ಕೇಳಿಸ್ತಿದೆಯಲ್ಲ ಸರ್?” ಕೇಳಿಸದೆ ಏನು! ಲ್ಯಾಪ್‌ಟಾಪ್‌ನಲ್ಲಿ ನುಡಿಯುವುದು ಮೊದಲೇ ರೆಕಾರ್ಡ್ ಮಾಡಿಟ್ಟ ಆಲ್ಟೊ ಸ್ವರಗಳ ತುಣುಕು, ಅಂದರೆ ಸ್ಯಾಂಪಲ್. ಅದನ್ನು ರೆಕಾರ್ಡ್ ಮಾಡುವಾಗ ಮೈಕ್ ವಾದಕರ ಮೂತಿ ಹತ್ತಿರ ಇರುತ್ತದೆ, ಸುತ್ತ ಬೇರೆ ಯಾರೂ ಇರುವುದಿಲ್ಲ. ಉಳಿದದ್ದನ್ನು ದನಿ ಏರಿಸಿ ಇಳಿಸುವ ನಿಮ್ಮ ಫೇಡರ್ ಮಾಡುತ್ತದೆ. ಸ್ಟುಡಿಯೋದಲ್ಲಿ ಒಂಟಿಯಾಗಿ ರೆಕಾರ್ಡ್ ಮಾಡುವುದಾದರೆ ನಿಮ್ಮ ಲೆಕ್ಕ ಸರಿ. ವೇದಿಕೆಯಲ್ಲಿ ಅಲ್ಲ. ಅಲ್ಲಿ ಆಲ್ಟೊದ ಮೈಕ್ ಏರಿಸಿದರೆ ಪಕ್ಕದ ಡ್ರಮ್ಸ್ ಕೂಡ ಅದೇ ಮೈಕ್‌ನಲ್ಲಿ ನುಗ್ಗುತ್ತದೆ.

ಒಮ್ಮೆ ಹೀಗೇ ಒಬ್ಬ ಹುಡುಗನ ಜೊತೆ ವಾದ ನಡೆದಿತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಕೇಳುತ್ತಲೇ ಇದ್ದ. ಅಷ್ಟರಲ್ಲಿ ಪಿಟೀಲಿನವರು ಚಹಾಕ್ಕೆ ಎದ್ದುಹೋದರು. ಕೈ ಬಿಸಿಯಾಗಿರಲಿ ಅಂತ ಅದೇ ಸಾಲನ್ನು ಸುಮ್ನೆ ನುಡಿಸಿದೆ. ಕೀಬೋರ್ಡ್‌ನವರು ಹಿಂದೆ ಒಂದೇ ಸ್ವರ ಹಿಡಿದಿದ್ದರು. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದನ್ನ ಹೀಗೇ ಇಟ್ಟುಬಿಡೋಣ ಸರ್” ಅಂದ. ಪಿಟೀಲಿನವರಿಗೆ ಅವತ್ತು ಎರಡನೇ ಚಹಾ ಕೂಡ ಸಿಕ್ಕಿತು.

ದೊಡ್ಡ ಸಂಯೋಜಕರು ಏನು ಮಾಡಿದ್ದಾರೆ ನೋಡಿ. 1913ರ ‘ದಿ ರೈಟ್ ಆಫ್ ಸ್ಪ್ರಿಂಗ್‌’ನಲ್ಲಿ ಸ್ಟ್ರಾವಿನ್‌ಸ್ಕಿ ಕೈಯಲ್ಲಿ ಭಾರಿ ಆರ್ಕೆಸ್ಟ್ರಾ ಇತ್ತು. ಆದರೂ ಹಿರಿಯರ ವಿಧಿಯ ಭಾಗದಲ್ಲಿ ಆಲ್ಟೊ ಹಾಡುವಾಗ ಸುತ್ತ ಹೆಚ್ಚಿನವರು ಸುಮ್ಮನಿರುತ್ತಾರೆ. ಹೋಲ್ಸ್ಟ್ ತನ್ನ ‘ಪ್ಲಾನೆಟ್ಸ್‌’ ಕೃತಿಯ ಶನಿ ಭಾಗವನ್ನು ಶುರು ಮಾಡುವುದು ಫ್ಲೂಟ್‌ಗಳು, ಹಾರ್ಪ್‌ಗಳ ಮೆಲುದನಿಯಲ್ಲಿ, ಅದರಲ್ಲಿ ಆಲ್ಟೊ ಕೂಡ ಇದೆ. ಬೂಲೆಜ್ 1955ರ ಹೊತ್ತಿಗೆ ಇನ್ನೂ ಮುಂದೆ ಹೋದ. ‘ಲ ಮಾರ್ತೊ ಸಾಂ ಮೆತ್ರ್‌’ನ ಮೂರನೇ ಭಾಗದಲ್ಲಿ ಒಬ್ಬ ಗಾಯಕಿ, ಒಂದು ಆಲ್ಟೊ ಫ್ಲೂಟ್, ಬೇರೆ ಯಾರೂ ಇಲ್ಲ. ಜಪಾನಿನ ತಾಕೆಮಿತ್ಸು 1981ರಲ್ಲಿ ‘ಟುವರ್ಡ್ ದ ಸೀ’ ಬರೆದಾಗ ಜೊತೆಗೆ ಕೊಟ್ಟಿದ್ದು ಒಂದು ಗಿಟಾರ್. ಇವರಿಗೆಲ್ಲ ಜನ ಸಿಗಲಿಲ್ಲ ಅಂತಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಉದ್ದನೆಯ ಬಿದಿರಿನ ಬಾನ್ಸುರಿಯನ್ನು ಶಾಸ್ತ್ರೀಯ ಕಛೇರಿಗೆ ತಂದವರು ಪನ್ನಾಲಾಲ್ ಘೋಷ್. ಬಾನ್ಸುರಿಯಲ್ಲಿ ಮಂದ್ರದ ಆಲಾಪ್ ನಡೆಯುವಾಗ ಸುತ್ತ ಏನಿರುತ್ತದೆ? ತಂಬೂರಿ. ತಬಲಾದವರು ಕೈಕಟ್ಟಿ ಕೂತಿರುತ್ತಾರೆ. ಬಾನ್ಸುರಿ ಕೇಳಿ ಬೆಳೆದ ನಮ್ಮ ಹುಡುಗರೇ ಆಲ್ಟೊ ಕೈಗೆ ಬಂದ ಕೂಡಲೇ ಇದನ್ನು ಮರೆಯುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಮೇಲಿನ ಸ್ಥಾಯಿಯಲ್ಲಿ ಬರೆದರೆ ಕೇಳಿಸುತ್ತದೆ ನಿಜ. ಆದರೆ ಅಲ್ಲಿ ಆಲ್ಟೊ ತೆಳ್ಳಗಾಗುತ್ತದೆ, ಶ್ರುತಿಯೂ ಸತಾಯಿಸುತ್ತದೆ. ಅದಕ್ಕೆ ಮಾಮೂಲಿ ಫ್ಲೂಟ್ ಸಾಕಲ್ವಾ? ಗುಂಪಿನ ನಡುವೆ ಕೆಳಸ್ವರ ಬೇಕೇ ಬೇಕು ಅಂದರೆ ಕ್ಲಾರಿನೆಟ್‌ನವರನ್ನು ಕೇಳಿ. ಆ ಸ್ಥಾಯಿಯಲ್ಲಿ ಅವರು ಸಾಮಾನ್ಯವಾಗಿ ನನಗಿಂತ ಜಾಸ್ತಿ ದನಿ ಕೊಡುತ್ತಾರೆ. ನನಗೇನೂ ಬೇಜಾರಿಲ್ಲ.

ಇನ್ನು, ಮಕ್ಕಳಿಗೆ ಮೊದಲ ವಾದ್ಯವಾಗಿ ಆಲ್ಟೊ ಕೊಡಿಸಬಹುದಾ ಅಂತ ಕೇಳುವ ತಂದೆತಾಯಿಗಳಿಗೆ: ಬೇಡ. ತೂಕ ಜಾಸ್ತಿ, ಕೈ ದೂರ ಚಾಚಬೇಕು. ಬಾಗಿದ ತಲೆಭಾಗ ಹಾಕಿದರೆ ಚಾಚುವುದು ತಪ್ಪುತ್ತದೆ, ಗಾಳಿಯ ಕಷ್ಟ ತಪ್ಪುವುದಿಲ್ಲ.

ಸಂಯೋಜಕರಿಗೆ ಇನ್ನೊಂದು ಕೋರಿಕೆ. ಈ ವಾದ್ಯದಲ್ಲಿ ಬರೆದ ‘ಸ’ ಕೇಳಿಸುವುದು ಅದರ ಕೆಳಗಿನ ‘ಪ’ ಆಗಿ. ಹಾಳೆಯಲ್ಲಿ ಅದನ್ನು ನೀವೇ ಬದಲಿಸಿ ಕೊಡಿ, ಮೇಲೆ ‘ಆಲ್ಟೊ, ಜಿ’ ಅಂತ ಬರೆಯಿರಿ. ರೆಕಾರ್ಡಿಂಗ್ ಹಿಂದಿನ ರಾತ್ರಿಯೇ ಕಳಿಸಿದರೆ ಇನ್ನೂ ಒಳ್ಳೆಯದು.