ಪೆಟ್ರೋಲ್ ‘ಒಡೆಯುವುದು’ ಅಂದರೆ ಏನು?

ಹಾಲು ಒಡೆಯುವುದು ನಮಗೆಲ್ಲ ಗೊತ್ತು. ಒಲೆಯ ಮೇಲಿಟ್ಟ ಹಾಲು ನೋಡನೋಡುತ್ತಲೇ ಗಟ್ಟಿಯೇ ಬೇರೆ, ನೀರೇ ಬೇರೆ ಆಗಿಬಿಡುತ್ತದೆ. ಪೆಟ್ರೋಲ್ ಕೂಡ ಹಾಗೇ ಒಡೆಯುತ್ತದೆ ಅಂತ ಕೆಲವು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ಕಣ್ಣಾರೆ ನೋಡಿದ್ದೇನೆ. ಇಂಗ್ಲಿಷಿನವರು ಇದನ್ನು ಫೇಸ್ ಸೆಪರೇಶನ್ ಅನ್ನುತ್ತಾರೆ. ಪದರ ಬೇರೆಯಾಗುವುದು ಅಂತ ಕನ್ನಡದಲ್ಲಿ ಬರೆಯಬಹುದು. ಆದರೆ ತೋಟದಲ್ಲಿ ಮೆಷಿನ್ ಹಿಡಿಯುವವರಿಗೆ ‘ಪೆಟ್ರೋಲ್ ಒಡೆದಿದೆ’ ಅಂದರೆ ಥಟ್ಟನೆ ತಿಳಿಯುತ್ತದೆ. ನಾನು ಅದೇ ಮಾತನ್ನು ಬಳಸುತ್ತೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟ. ದೀಪಾವಳಿಗೆ ಮುಂಚೆ ಕಳೆ ಹೊಡೆಯುವ ಮೆಷಿನ್ ಕೆಲಸ ಮುಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದೆ. ಇಳಿಸಿದ್ದು ಮಳೆ ಹಿಡಿದ ಮೇಲೆ. ಆಯಿಲ್ ಬೆರೆಸಿದ ಹಳೇ ಪೆಟ್ರೋಲ್ ಕ್ಯಾನಿನಲ್ಲಿ ಅರ್ಧ ಲೀಟರ್ ಉಳಿದಿತ್ತು. ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಚೆನ್ನಾಗಿ ಕುಲುಕಿ ಟ್ಯಾಂಕಿಗೆ ಸುರಿದೆ. ಹದಿನೈದಿಪ್ಪತ್ತು ಸಲ ಹಗ್ಗ ಎಳೆದ ಮೇಲೆ ಶುರುವಾಯಿತು. ಎರಡು ಸಾಲು ಹೊಡೆಯುವಷ್ಟರಲ್ಲಿ ಸದ್ದು ತೆಳ್ಳಗಾಗಿ, ಕೀರಲಾಗಿ, ಗಕ್ಕನೆ ನಿಂತಿತು. ಆಮೇಲೆ ಹಗ್ಗ ಎಳೆದರೆ ಅಲುಗಲೇ ಇಲ್ಲ.

ಪೇಟೆಗೆ ಹೊತ್ತುಕೊಂಡು ಹೋದೆ. ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ ಪಿಸ್ಟನ್ನನ್ನು ಬೆಳಕಿಗೆ ಹಿಡಿದ. ಸೈಲೆನ್ಸರ್ ಕಡೆಯ ಮೈ ಮೇಲೆ ಉದ್ದುದ್ದ ಗೀರು. ಬೆಕ್ಕು ಪರಚಿದ ಹಾಗೆ.

“ಅಣ್ಣಾ, ಆಯಿಲ್ ಹಾಕ್ಲೇ ಇಲ್ವಾ?”

ಹಾಕಿದ್ದೆ. ಅಳತೆ ನೋಡಿಯೇ ಹಾಕಿದ್ದೆ. ಅವನು ಮರುಮಾತಾಡದೆ ಟ್ಯಾಂಕಿನಲ್ಲಿ ಉಳಿದಿದ್ದನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಕಟ್ಟೆಯ ಮೇಲಿಟ್ಟ. ಚಹಾ ಕುಡಿದು ಬರುವಷ್ಟರಲ್ಲಿ ಬಾಟಲಿಯ ನಡುವೆ ಒಂದು ಗೆರೆ ಮೂಡಿತ್ತು. ಗೆರೆಯ ಮೇಲೆ ಆಯಿಲ್‌ನ ಹಸಿರು ಬಣ್ಣ. ಕೆಳಗೆ ಬಣ್ಣವೇ ಇಲ್ಲದ, ಸ್ವಲ್ಪ ಮಬ್ಬಾದ ನೀರಿನಂಥದ್ದು. ನನ್ನ ಆಯಿಲ್ ಅಷ್ಟೂ ಮೇಲೆಯೇ ಕೂತಿತ್ತು.

ಕೆಳಗಿದ್ದದ್ದು ಎಥನಾಲ್ ಮತ್ತು ನೀರು. ಎಥನಾಲ್ ಅಂದರೆ ಮದ್ಯಸಾರ. ಕಬ್ಬಿನ ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ, ನುಚ್ಚಕ್ಕಿ ಇವುಗಳಿಂದ ಮಾಡುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಪೆಟ್ರೋಲಿಗೆ ಬೆರೆಸುವುದು ಹೊಸದೇನಲ್ಲ. 2003ರಲ್ಲಿಯೇ ಕೆಲವು ರಾಜ್ಯಗಳಲ್ಲಿ ಶೇ. 5ರಷ್ಟು ಬೆರೆಸಲು ಶುರು ಮಾಡಿದ್ದರು. 2022ರ ಜೂನ್ ಹೊತ್ತಿಗೆ ಅದು ಶೇ. 10 ಮುಟ್ಟಿತು. ಶೇ. 20ರ ಪೆಟ್ರೋಲನ್ನು, ಅಂದರೆ ಇ20ಯನ್ನು, ಪ್ರಧಾನಿ 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಮೊದಲು 2030ರ ಗುರಿ ಇತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು 2025ಕ್ಕೇ ಮುಗಿಸಿದರು. ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಮಾರಲಿ ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಎಥನಾಲ್ ಬೇಡ ಅನ್ನುವ ಗುಂಪಿನವನು ನಾನಲ್ಲ. ಹೊರದೇಶದ ಕಚ್ಚಾತೈಲಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಬೆಳಗಾವಿ, ಬಾಗಲಕೋಟೆಯ ಕಬ್ಬಿನ ರೈತರ ಕಡೆ ಹರಿದರೆ ಒಳ್ಳೆಯದೇ ಅಲ್ವಾ? ಆದರೆ ಈ ಎಲ್ಲ ಚರ್ಚೆ ಕಾರು-ಬೈಕಿನ ಮೈಲೇಜಿನ ಸುತ್ತಲೇ ಸುತ್ತುತ್ತಿದೆ. ನಮ್ಮ ಕೈಯಲ್ಲಿರುವ ಚಿಕ್ಕ ಮೆಷಿನ್‌ಗಳ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಮರ ಕೊಯ್ಯುವ ಚೈನ್ ಸಾ, ಕಳೆ ಹೊಡೆಯುವ ಮೆಷಿನ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್. ಕಾರು ದಿನಾ ಓಡುತ್ತದೆ, ಟ್ಯಾಂಕ್ ದಿನಾ ಖಾಲಿಯಾಗುತ್ತದೆ. ಇವು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತವೆ. ತೊಂದರೆ ಹುಟ್ಟುವುದು ಅಲ್ಲೇ.

ಒಡೆಯುವುದು ಯಾಕೆ ಅಂತ ಈಗ ನೋಡೋಣ. ಪೆಟ್ರೋಲಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದಕ್ಕೊಂದು ಸೇರುವುದಿಲ್ಲ. ಎಥನಾಲ್ ಮಾತ್ರ ಎರಡು ಮನೆಗೂ ಬೇಕಾದ ನೆಂಟ. ಪೆಟ್ರೋಲಿನಲ್ಲೂ ಕರಗುತ್ತದೆ, ನೀರಿನಲ್ಲೂ ಕರಗುತ್ತದೆ. ನೀರು ಸ್ವಲ್ಪವೇ ಇದ್ದರೆ ಎಥನಾಲ್ ಅದನ್ನು ಮಡಿಲಿಗೆ ಹಾಕಿಕೊಂಡು ಪೆಟ್ರೋಲಿನಲ್ಲೇ ಉಳಿಯುತ್ತದೆ. ಆ ನೀರು ಎಂಜಿನ್ನಿನಲ್ಲಿ ಹಾಗೇ ಆವಿಯಾಗಿ ಹೋಗುತ್ತದೆ, ಏನೂ ಆಗುವುದಿಲ್ಲ. ಶೇ. 10ರ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿ.ಲೀ. ನೀರನ್ನು, ಅಂದರೆ ಒಂದು ಟೀ ಚಮಚದಷ್ಟನ್ನು, ಹೀಗೆ ತಡೆದುಕೊಳ್ಳುತ್ತದೆ. ಶೇ. 20ರದ್ದು ಅದಕ್ಕಿಂತ ಜಾಸ್ತಿ ತಡೆದುಕೊಳ್ಳುತ್ತದೆ. ಆ ಮಿತಿ ದಾಟಿತೋ, ನೆಂಟ ಪೂರ್ತಿ ನೀರಿನ ಕಡೆ ವಾಲುತ್ತಾನೆ. ಎಥನಾಲ್ ಮತ್ತು ನೀರು ಕೈಕೈ ಹಿಡಿದು ತಳಕ್ಕೆ ಇಳಿಯುತ್ತವೆ. ಲೀಟರಿಗೆ 200 ಮಿ.ಲೀ. ಎಥನಾಲ್ ಇರುವಾಗ ತಳದ ಈ ಪದರ ಸಣ್ಣದೇನೂ ಅಲ್ಲ.

ಚಳಿಗೂ ಇದರಲ್ಲಿ ಪಾಲಿದೆ. ತಣ್ಣಗಾದಷ್ಟೂ ನೀರು ಹಿಡಿದಿಡುವ ಶಕ್ತಿ ಕಡಿಮೆ. ಮಧ್ಯಾಹ್ನ ತಿಳಿಯಾಗಿದ್ದ ಪೆಟ್ರೋಲ್ ಧನುರ್ಮಾಸದ ಬೆಳಗಿನ ಜಾವ ಒಡೆದಿರಬಹುದು.

ನೀರು ಎಲ್ಲಿಂದ ಬಂತು ಅಂತ ಕೇಳಬಹುದು. ಟ್ಯಾಂಕ್ ಕೂಡ ಉಸಿರಾಡುತ್ತದೆ. ಹಗಲು ಬಿಸಿಯಾದಾಗ ಒಳಗಿನ ಆವಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಅರ್ಧ ಖಾಲಿ ಕ್ಯಾನಿನ ಒಳಗೋಡೆಯ ಮೇಲೆ ಆ ತೇವ ಹನಿಗಟ್ಟುತ್ತದೆ. ಮುಚ್ಚಳ ಬಿಗಿ ಇದ್ದು ಕ್ಯಾನ್ ತುಂಬಿದ್ದರೆ ಬರೀ ಗಾಳಿಯ ತೇವದಿಂದ ಪೆಟ್ರೋಲ್ ಒಡೆಯಲು ಬಹಳ ಕಾಲ ಬೇಕು. ಆದರೆ ನಾವು ಇಡುವ ರೀತಿ ಹಾಗಿರುವುದಿಲ್ಲವಲ್ಲ. ಮುಚ್ಚಳ ಸಡಿಲ, ಮೇಲೆ ಹಂಚಿನ ಸೋರು, ಮಳೆಯಲ್ಲಿ ನಿಂತೇ ಪೆಟ್ರೋಲ್ ತುಂಬುವ ಅವಸರ. ಕಂಬಳಿಕೊಪ್ಪೆಯಿಂದ ನಾಲ್ಕು ಹನಿ ಟ್ಯಾಂಕಿಗೆ ಬಿದ್ದರೂ ಲೆಕ್ಕಕ್ಕೆ ಸೇರುತ್ತದೆ.

ಎಥನಾಲ್ ಎಷ್ಟಿದೆ ಅಂತ ಕಣ್ಣಲ್ಲೇ ನೋಡಬಹುದು. ಬಯಲಿನಲ್ಲಿ, ಒಲೆ-ಬೀಡಿ ಯಾವುದೂ ಹತ್ತಿರ ಇಲ್ಲದ ಕಡೆ, ಅಳತೆ ಗೆರೆ ಇರುವ ಗಾಜಿನ ಕೊಳವೆಗೆ 20 ಮಿ.ಲೀ. ನೀರು, 100 ಮಿ.ಲೀ. ಪೆಟ್ರೋಲ್ ಹಾಕಿ ಮುಚ್ಚಿ ಕುಲುಕಿ ಇಟ್ಟರೆ ಸಾಕು. ಕೆಳಗಿನ ನೀರು 20ರಿಂದ 40ರ ಹತ್ತಿರಕ್ಕೆ ಏರಿರುತ್ತದೆ. ಹೆಚ್ಚಾದದ್ದು ಪೆಟ್ರೋಲಿನಿಂದ ಇಳಿದ ಎಥನಾಲ್. ಇಂಥದ್ದನ್ನು ನೋಡಿ ಬಂಕಿನವರು ನೀರು ಬೆರೆಸಿದ್ದಾರೆ ಅಂತ ಜಗಳಕ್ಕೆ ಹೋಗುವವರಿದ್ದಾರೆ. ಅದು ತಪ್ಪು. ಹೀಗೆ ‘ತೊಳೆದ’ ಪೆಟ್ರೋಲನ್ನು ಮೆಷಿನ್‌ಗೆ ಹಾಕುವುದು ಇನ್ನೂ ದೊಡ್ಡ ತಪ್ಪು. ಎಥನಾಲ್ ಹೋದರೆ ಅದರ ಜೊತೆ ಆಕ್ಟೇನ್, ಅಂದರೆ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದಿರುವ ಗುಣ, ಕೂಡ ಇಳಿಯುತ್ತದೆ. ಎಂಜಿನ್ ಒಳಗೆ ಕಟಕಟ ಬಡಿದುಕೊಳ್ಳಲು ಶುರುವಾಗುತ್ತದೆ.

ಇಷ್ಟಕ್ಕೂ ಪಿಸ್ಟನ್ ಯಾಕೆ ಕಚ್ಚಿಕೊಂಡಿತು? ಇಡೀ ಕಥೆಯ ಹೂರಣ ಇಲ್ಲಿದೆ. ನನ್ನ ಕಳೆ ಮೆಷಿನ್ನಿನಂಥ ಚಿಕ್ಕ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್‌ಗೆ ಬೇರೆ ತೊಟ್ಟಿ ಇರುವುದಿಲ್ಲ. ಲೀಟರಿಗೆ 20 ಮಿ.ಲೀ. ಅಂತಲೋ, ಹಳೇ ಮೆಷಿನ್ನಾದರೆ 40 ಮಿ.ಲೀ. ಅಂತಲೋ ಪೆಟ್ರೋಲಿಗೇ ಬೆರೆಸುತ್ತೇವೆ. ಪಿಸ್ಟನ್‌ಗೆ, ಬೇರಿಂಗ್‌ಗೆ ಸಿಗುವ ಜಿಡ್ಡು ಅಷ್ಟೇ. ಪೆಟ್ರೋಲ್ ಒಡೆದಾಗ ಈ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ. ತಳದ ಎಥನಾಲ್-ನೀರಿನಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ. ಈಗ ಚೈನ್ ಸಾ ಟ್ಯಾಂಕಿನ ಒಳಗೆ ಇಣುಕಿ ನೋಡಿ. ಮೆತ್ತನೆಯ ರಬ್ಬರ್ ಪೈಪು, ಅದರ ತುದಿಗೆ ಗುಂಡಗಿನ ಭಾರದ ಫಿಲ್ಟರ್. ಮರದ ಮೇಲೆ ಮೆಷಿನ್ನನ್ನು ಹೇಗೆ ಓರೆ ಮಾಡಿ ಹಿಡಿದರೂ ಪೆಟ್ರೋಲ್ ಸಿಗಲಿ ಅಂತ ಆ ಭಾರ ಯಾವಾಗಲೂ ತಳಕ್ಕೇ ಜಾರುತ್ತದೆ. ಎಷ್ಟು ಜಾಣ ಏರ್ಪಾಡು! ಪೆಟ್ರೋಲ್ ಒಡೆದ ದಿನ ಅದೇ ಏರ್ಪಾಡು ಮುಳುವಾಗುತ್ತದೆ. ಎಂಜಿನ್ ಮೊದಲು ಹೀರುವುದೇ ತಳದ ಜಿಡ್ಡಿಲ್ಲದ ನೀರನ್ನು. ನಿಮಿಷಕ್ಕೆ ಹತ್ತು ಸಾವಿರ ಸುತ್ತು ಹೊಡೆಯುವ ಎಂಜಿನ್‌ಗೆ ಆಯಿಲ್ ಇಲ್ಲದೆ ಎಷ್ಟು ಹೊತ್ತು?

ಪವರ್ ಸ್ಪ್ರೇಯರ್, ನೀರೆತ್ತುವ ಪಂಪುಗಳಲ್ಲಿ ಹಲವು ಫೋರ್ ಸ್ಟ್ರೋಕ್. ಅವುಗಳ ಆಯಿಲ್ ಬೇರೆಯೇ ಇರುವುದರಿಂದ ಇಷ್ಟು ಅನಾಹುತ ಆಗುವುದಿಲ್ಲ. ಸ್ಟಾರ್ಟ್ ಆಗದೆ ಕೂರುತ್ತವೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ನ ಬಟ್ಟಲು ಬಿಚ್ಚಿದರೆ ಬಿಳೀ ಪುಡಿ ಕಟ್ಟಿರುತ್ತದೆ.

ಪೆಟ್ರೋಲ್ ಒಡೆಯದೆ ಇದ್ದರೂ ಎಥನಾಲ್‌ನಿಂದ ಇನ್ನೊಂದು ಪರಿಣಾಮವಿದೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಕಿಲೋ ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಇ20ಗೆ ಸುಮಾರು 13.5. ಹೊಸ ಕಾರಿನಲ್ಲಿ ಸೆನ್ಸರ್ ಇದನ್ನು ನೋಡಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡುತ್ತದೆ. ನಮ್ಮ ಮೆಷಿನ್ನಿನ ಕಾರ್ಬೊರೇಟರ್‌ಗೆ ಆ ಬುದ್ಧಿ ಇಲ್ಲ. ಸ್ಕ್ರೂ ಎಲ್ಲಿ ನಿಲ್ಲಿಸಿದ್ದೇವೋ ಅಷ್ಟೇ ಬಿಡುತ್ತದೆ. ಆಗ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗಿ ಎಂಜಿನ್ ಬಿಸಿಯಾಗುತ್ತದೆ. ಐಡಲ್, ಅಂದರೆ ರೇಸ್ ಕೊಡದಿದ್ದಾಗಿನ ಎಂಜಿನ್ ವೇಗ, ಕೂಡ ತಾನಾಗಿ ಏರಬಹುದು. ಅಮೆರಿಕದ ಸರ್ಕಾರಿ ಪ್ರಯೋಗಾಲಯಗಳು 2008ರಲ್ಲಿ ಶೇ. 15, ಶೇ. 20ರ ಪೆಟ್ರೋಲ್ ಹಾಕಿ ಚಿಕ್ಕ ಎಂಜಿನ್‌ಗಳನ್ನು ಓಡಿಸಿ ನೋಡಿದವು. ಕೆಲವು ಹುಲ್ಲು ಕತ್ತರಿಸುವ ಮೆಷಿನ್‌ಗಳಲ್ಲಿ ಐಡಲ್ ಏರಿ, ರೇಸ್ ಕೊಡದಿದ್ದರೂ ಕ್ಲಚ್ ತಾನೇ ಹಿಡಿದುಕೊಂಡಿತ್ತು. ಚೈನ್ ಸಾದಲ್ಲಿ ಹೀಗಾಗುವುದನ್ನು ಸ್ವಲ್ಪ ಊಹಿಸಿ. ಕಾಫಿ ತೋಟದಲ್ಲಿ ಮರಗಸಿ ಮಾಡುವವನು, ಅಂದರೆ ನೆರಳಿನ ಮರದ ಕೊಂಬೆ ಸವರುವವನು, ಕೊಂಬೆಯ ಮೇಲೆ ಕಾಲು ಬದಲಿಸುತ್ತಿದ್ದಾನೆ, ಬೆರಳು ರೇಸ್ ಮೇಲಿಲ್ಲ, ಚೈನ್ ಮಾತ್ರ ತಿರುಗುತ್ತಿದೆ. ರಿಪೇರಿ ಖರ್ಚಿಗಿಂತ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆ. ಐಡಲ್‌ನಲ್ಲಿ ಚೈನ್ ಅಲ್ಲಾಡಿದರೆ ಆ ಕ್ಷಣವೇ ಆಫ್ ಮಾಡಿ, ಕಾರ್ಬೊರೇಟರ್ ಸೆಟ್ ಮಾಡಿಸದೆ ಮರ ಹತ್ತಬೇಡಿ.

ಅಮೆರಿಕದಲ್ಲಿ ಶೇ. 15ರ ಪೆಟ್ರೋಲನ್ನು ಚೈನ್ ಸಾ, ಹುಲ್ಲಿನ ಮೆಷಿನ್‌ಗಳಿಗೆ ಹಾಕುವಂತೆಯೇ ಇಲ್ಲ. ಪಂಪಿನ ಮೇಲೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿ ಹೇಳುತ್ತಾರೆ. ನಮ್ಮಲ್ಲೂ ಮೆಷಿನ್ ಜೊತೆ ಬರುವ ಪುಸ್ತಕ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ ಶೇ. 10ರ ಗಡಿ ಬರೆದಿರುತ್ತದೆ. ಚೈನ್ ಸಾ ಮಾಡುವ ಸ್ಟಿಲ್ ಕಂಪನಿಯ ಪುಸ್ತಕದಲ್ಲಿ, ಕೈಯಲ್ಲಿ ಸ್ಕ್ರೂ ತಿರುಗಿಸುವ ಕಾರ್ಬೊರೇಟರ್‌ಗೆ ಶೇ. 10ಕ್ಕಿಂತ ಜಾಸ್ತಿ ಬೇಡ, ತಾನೇ ಹೊಂದಿಸಿಕೊಳ್ಳುವ ಎಂ-ಟ್ರಾನಿಕ್ ಇದ್ದರೆ ಶೇ. 27ರವರೆಗೂ ನಡೆಯುತ್ತದೆ ಅಂತಿದೆ. ಹೊಸದು ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ.

ರಬ್ಬರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಳೇ ಮೆಷಿನ್‌ಗಳ ಪೆಟ್ರೋಲ್ ಪೈಪು, ಸ್ಟಾರ್ಟ್ ಮಾಡುವ ಮುಂಚೆ ಒತ್ತುವ ಪ್ರೈಮರ್ ಗುಂಡಿ, ಕಾರ್ಬೊರೇಟರ್ ಒಳಗಿನ ತೆಳು ಪೊರೆಯಂಥ ಡಯಾಫ್ರಮ್ ಎಥನಾಲ್ ತಾಗಿ ಮೊದಲು ಉಬ್ಬುತ್ತವೆ, ಒಣಗಿದಾಗ ಬಿರುಸಾಗುತ್ತವೆ, ಬಿರುಕು ಬಿಡುತ್ತವೆ. ಜೊತೆಗೆ ಎಥನಾಲ್ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕಟ್ಟಿದ ಅಂಟನ್ನು ಕರಗಿಸಿ ಫಿಲ್ಟರ್‌ಗೆ ತಂದು ತುಂಬುತ್ತದೆ. ಪೈಪು, ಡಯಾಫ್ರಮ್ ಎರಡೂ ದುಬಾರಿಯಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ ಹಿಂಡಿ, ಬಾಗಿಸಿ ನೋಡಿದರೆ ಗೊತ್ತಾಗುತ್ತದೆ.

ನಾನು ಈಗ ಮಾಡುವುದು ಇಷ್ಟು. ಐದು ಲೀಟರ್ ತಂದಿಡುವ ಅಭ್ಯಾಸ ಬಿಟ್ಟಿದ್ದೇನೆ. ವಾರಕ್ಕೆ ಬೇಕಾದಷ್ಟೇ ತರುತ್ತೇನೆ, ಆಯಿಲ್ ಅವತ್ತವತ್ತಿಗೆ ಒಂದೊಂದು ಲೀಟರಿಗೆ ಬೆರೆಸುತ್ತೇನೆ. ಬೆರೆಸಿದ ಪೆಟ್ರೋಲ್ ತಿಂಗಳು ದಾಟಿದರೆ ಟೂ ಸ್ಟ್ರೋಕಿಗೆ ಹಾಕುವುದಿಲ್ಲ. ಕ್ಯಾನ್ ಕೊಟ್ಟಿಗೆಯಲ್ಲಿ ಇಡುವುದಿಲ್ಲ, ಬೆಂಕಿಯಿಂದ ದೂರ, ಒಣಗಿದ ಜಾಗದಲ್ಲಿ ಬಿಗಿಯಾಗಿ ಮುಚ್ಚಿ ಇಡುತ್ತೇನೆ. ಹಂಗಾಮು ಮುಗಿದಾಗ ಟ್ಯಾಂಕ್ ಪೂರ್ತಿ ಬಗ್ಗಿಸಿ, ಪ್ರೈಮರ್ ಒತ್ತಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೂ ಬಿಡುತ್ತೇನೆ. ಆಗ ಕಾರ್ಬೊರೇಟರ್ ಒಳಗಿನದ್ದೂ ಖಾಲಿಯಾಗುತ್ತದೆ.

ಒಡೆದ ಪೆಟ್ರೋಲಿಗೆ ಹೊಸದನ್ನು ಸೇರಿಸಿದರೆ ಸರಿಹೋಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಕುಲುಕಿದಾಗ ಒಂದಾದಂತೆ ಕಾಣುತ್ತದೆ, ನಿಂತ ಮೇಲೆ ಮತ್ತೆ ಬೇರೆಯಾಗುತ್ತದೆ. ನಾನು ಮೋಸ ಹೋದದ್ದು ಹೀಗೆಯೇ. ಸ್ಟೆಬಿಲೈಸರ್ ಅಂತ ಮಾರುವ ದ್ರವ ಪೆಟ್ರೋಲ್ ಹಳಸುವುದನ್ನು ತಡಮಾಡುತ್ತದೆ, ಒಡೆದದ್ದನ್ನು ಕೂಡಿಸುವುದಿಲ್ಲ. ಅದಕ್ಕೇ ಹಳೇ ಪೆಟ್ರೋಲ್ ಹಾಕುವ ಮುಂಚೆ ಕುಲುಕಬೇಡಿ. ಕ್ಯಾನನ್ನು ಒಂದು ಗಂಟೆ ಅಲುಗಾಡಿಸದೆ ಇಟ್ಟು, ತಳಕ್ಕೆ ಮುಟ್ಟುವಂತೆ ಒಂದು ಸಣ್ಣ ಪೈಪು ಇಳಿಬಿಟ್ಟು ಕೈಪಂಪಿನಿಂದ ಸ್ವಲ್ಪ ಗಾಜಿನ ಬಾಟಲಿಗೆ ತೆಗೆಯಿರಿ. ಬಾಯಿಂದ ಮಾತ್ರ ಎಳೆಯಬೇಡಿ. ಬೆಳಕಿಗೆ ಹಿಡಿದಾಗ ಆಯಿಲ್ ಬಣ್ಣ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಇರಬೇಕು. ನಡುವೆ ಗೆರೆ ಇದ್ದರೆ, ಅಥವಾ ಬಂದದ್ದಕ್ಕೆ ಬಣ್ಣವೇ ಇಲ್ಲದಿದ್ದರೆ, ಆ ಕ್ಯಾನನ್ನು ಮೆಷಿನ್ ಹತ್ತಿರ ಒಯ್ಯಬೇಡಿ. ಬಾವಿಯ ಹತ್ತಿರ, ತೋಟದ ಕಾಲುವೆಗೆ ಚೆಲ್ಲಲೂ ಬೇಡಿ.