ನಾಡೋಜ: ಹೊಟ್ಟೆಪಾಡಿನ ಮೇಷ್ಟ್ರು ನಾಡಿಗೇ ಗುರುವಾದ ಕಥೆ

ಚಿತ್ರದುರ್ಗದ ಕಡೆ ಯಾವುದಾದರೂ ಸಮಾರಂಭದ ಫ್ಲೆಕ್ಸ್‌ನಲ್ಲಿ ಹೆಸರಿನ ಮುಂದೆ ‘ಡಾ.’ ಇದ್ದರೆ ಯಾರೂ ಅರ್ಥ ಕೇಳುವುದಿಲ್ಲ. ‘ನಾಡೋಜ’ ಇದ್ದರೆ ಮಾತ್ರ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಜಾಸ್ತಿ ಸಿಗುವ ಉತ್ತರ ‘ನಾಡಿನ ಓಜಸ್ಸು’. ಕೇಳಲಿಕ್ಕೇನೋ ಚೆನ್ನಾಗಿದೆ, ಆದರೆ ತಪ್ಪು.

ಓಜ ಎಂದರೆ ಮೇಷ್ಟ್ರು, ಅಷ್ಟೇ. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಉವಜ್ಝಾಯ ಆಯಿತು. ಬಾಯಿಂದ ಬಾಯಿಗೆ ಸವೆದು ಕನ್ನಡದಲ್ಲಿ ಓಜ, ತೆಲುಗಿನಲ್ಲಿ ಒಜ್ಜ ಆಗಿ ನಿಂತಿತು. ಉತ್ತರದ ಓಝಾ, ಝಾ ಮನೆತನಗಳ ಹೆಸರೂ ಇದೇ ಬಳ್ಳಿಯದು. ಆ ಕಡೆ ದೆವ್ವ ಬಿಡಿಸುವವನಿಗೂ ಓಝಾ ಅನ್ನುತ್ತಾರೆ.

ಹಾಗಂತ ಉಪಾಧ್ಯಾಯ ಮೊದಲಿನಿಂದಲೂ ದೊಡ್ಡ ಬಿರುದೇನಲ್ಲ. ಮನುಸ್ಮೃತಿಯ ಪ್ರಕಾರ, ವೇದದ ಒಂದು ಭಾಗವನ್ನು ಹೊಟ್ಟೆಪಾಡಿಗಾಗಿ ಹೇಳಿಕೊಡುವವನು ಉಪಾಧ್ಯಾಯ. ಆಚಾರ್ಯ ಅವನಿಗಿಂತ 10 ಪಟ್ಟು ಮೇಲು. ತಂದೆ ಆಚಾರ್ಯನಿಗಿಂತ 100 ಪಟ್ಟು, ತಾಯಿ ತಂದೆಗಿಂತ 1,000 ಪಟ್ಟು. ಈ ಲೆಕ್ಕದಲ್ಲಿ ನಮ್ಮ ಓಜನದು ಕಟ್ಟಕಡೆಯ ಮೆಟ್ಟಿಲು.

ಕನ್ನಡ ನಾಡಿನಲ್ಲಿ ಈ ಮಾತು ಪಾಠದ ಜಗುಲಿ ಇಳಿದು ಉಳಿ, ಸುತ್ತಿಗೆ ಹಿಡಿದವರ ಹೆಸರಿಗೂ ಅಂಟಿಕೊಂಡಿತು. 1117ರ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಒಬ್ಬ. ಅವನ ಹೆಸರಿನ ಬಾಲದಲ್ಲಿರುವುದು ಇದೇ ಓಜ. ಆಚಾರ್ಯನ ಕಥೆಯೂ ಬೇರೆಯಲ್ಲ. ಬಾಗಿಲು ಕೂರದಿದ್ದರೆ ನಾವು ಕರೆಯುವುದು ಆಚಾರಿಯನ್ನೇ ಅಲ್ವಾ? ಮರ, ಕಲ್ಲಿನ ಕೆಲಸ ಬಲ್ಲವನನ್ನು ಮೇಷ್ಟ್ರು ಎಂದು ಕರೆದವರ ಬುದ್ಧಿ ನನಗೆ ಮೆಚ್ಚುಗೆ.

10ನೇ ಶತಮಾನದ ಕವಿ ಪಂಪನನ್ನು ‘ನಾಡೋಜ ಪಂಪ’ ಎನ್ನುವುದು ರೂಢಿ. ಆದರೆ ಈ ಮಾತು ಪಂಡಿತರ ವಲಯ ಬಿಟ್ಟು ಪೇಪರಿನ ಸುದ್ದಿಗೆ ಬಂದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. 1991ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವಕ್ಕೆ ‘ನುಡಿಹಬ್ಬ’ ಎಂದು ಹೆಸರಿಟ್ಟಿತು. ಗೌರವ ಡಾಕ್ಟರೇಟ್ ಕೊಡುವ ಜಾಗದಲ್ಲಿ ನಾಡೋಜ ಕೊಟ್ಟಿತು. ಸುಮ್ನೆ ಹಳೆಯದೊಂದು ಪದ ಹೆಕ್ಕಿದ್ದಲ್ಲ ಇದು. ಡಾಕ್ಟರ್ ಎಂಬುದರ ಬೇರು ಲ್ಯಾಟಿನ್ನಿನ ‘ಡೊಕೆರೆ’, ಅಂದರೆ ಕಲಿಸು. ಅಲ್ಲೂ ಮೇಷ್ಟ್ರೇ, ಇಲ್ಲೂ ಮೇಷ್ಟ್ರೇ.

ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಈ ಗೌರವ ಪಡೆದವರಲ್ಲಿ ಮೊದಮೊದಲಿನವರು. ಆದರೆ ನಮ್ಮ ಜಿಲ್ಲೆಯಲ್ಲಿ ನಾಡೋಜ ಅಂದ ಕೂಡಲೇ ನನಗೆ ನೆನಪಾಗುವುದು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಕಾಡುಗೊಲ್ಲರ ಈ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಾವಿರಾರು ಹಾಡುಗಳು ನಾಲಿಗೆಯ ಮೇಲೇ ಇದ್ದವು. ದೇವರ ಪದ, ಮದುವೆ ಪದ, ದನಕರುವಿನ ಪದ. ಪದವೀಧರರು ಟೇಪ್ ರೆಕಾರ್ಡರ್ ಹಿಡಿದು ಹಟ್ಟಿಗೆ ಹೋಗಿ ಅಜ್ಜಿಯ ಮುಂದೆ ಕೂತರು. ಆಗ ಓಜ ಯಾರು, ಶಿಷ್ಯರು ಯಾರು?

9ನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನವರನ್ನು ‘ಚದುರರ್ ನಿಜದಿಂ’ ಎನ್ನುತ್ತದೆ. ಅಂದರೆ ಹುಟ್ಟಿನಿಂದಲೇ ಜಾಣರು. ‘ಕುರಿತೋದದೆಯುಂ’, ಅದಕ್ಕೆಂದೇ ಓದದಿದ್ದರೂ ಕಾವ್ಯ ಬಲ್ಲವರು. ಇದನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರು ಬೇಕಾದಷ್ಟು ಜನ ಇದ್ದಾರೆ. ಅದೇ ವೇದಿಕೆಯಲ್ಲಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಪ್ರತಿಭಾ ಪುರಸ್ಕಾರವೂ ನಡೆಯುತ್ತದೆ. ದಾವಣಗೆರೆಯಲ್ಲೂ ಅಷ್ಟೇ, ದುರ್ಗದಲ್ಲೂ ಅಷ್ಟೇ. ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇಡಬೇಕು.