ಎರಡು ಲಕ್ಷಕ್ಕೆ ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳಬಹುದಾ, ನಾನೇ ರಿಪೇರಿ ಮಾಡಬಹುದಾ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು, ವಯಸ್ಸು 24. ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ನಾನೇ ಬಿಚ್ಚಿ ಜೋಡಿಸಿ ಕೆಲಸ ಕಲಿಯಬೇಕು ಅಂತ ಆಸೆ. ಬೈಕಿನ ಪ್ಲಗ್ ಬದಲಿಸಿದ್ದು ಬಿಟ್ಟರೆ ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ಯಾವ ಕಾರು ನೋಡಲಿ, ಅದರಲ್ಲಿ ಏನು ನೋಡಲಿ? ಅಪ್ಪ ಮಾತ್ರ “ಗುಜರಿ ತಂದು ಅಂಗಳದಲ್ಲಿ ನಿಲ್ಲಿಸಬೇಡ” ಅಂತಿದ್ದಾರೆ.

ಉತ್ತರ: ಈ ಪ್ರಶ್ನೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಊರು ಬೇರೆ, ಮೊತ್ತ ಬೇರೆ, ಅಪ್ಪನ ಮಾತು ಮಾತ್ರ ಅದೇ. ಕೊಳ್ಳಬಹುದು, ಕಲಿಯಲೂಬಹುದು. ಆದರೆ ಕೊಡಗಿನಲ್ಲಿ ಇಟ್ಟುಕೊಳ್ಳುವ ಹಳೆಯ ಕಾರನ್ನು ಎಂಜಿನ್ ನೋಡಿ ಕೊಳ್ಳಬೇಡಿ, ತಳ ನೋಡಿ ಕೊಳ್ಳಿ. ಎಂಜಿನ್ ಒಳಗೆ ಸವೆದು ಬೋರಿಗೆ ಬಂದರೆ ಲೇತಿಗೆ ಕೊಟ್ಟು ಕಟ್ಟಿಸಬಹುದು. ತಳ ತುಕ್ಕು ಹಿಡಿದು ಪುಡಿಯಾದರೆ ಯಾವ ಮೆಕ್ಯಾನಿಕ್ಕೂ ಅದಕ್ಕೆ ಜೀವ ಕೊಡಲಾರ.

ನನ್ನ ಮೊದಲ ತಪ್ಪೂ ಅದೇ. ಕರಾವಳಿಯಿಂದ ಒಂದು ಕೆಂಪು ಹ್ಯಾಚ್‌ಬ್ಯಾಕ್ ತಂದಿದ್ದೆ. ಸ್ಟಾರ್ಟ್ ಮಾಡಿದರೆ ಗಡಿಯಾರದ ಹಾಗೆ ಓಡುತ್ತಿತ್ತು, ಪಿಕಪ್ಪಂತೂ ಕೇಳಬೇಡಿ. ಮಾರಿದವರು ಅಡಿಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರು; ನಾನು ಅದನ್ನು ಅಕ್ಕರೆ ಅಂದುಕೊಂಡೆ. ಮೊದಲ ಭಾನುವಾರ ಚಕ್ರ ಬಿಚ್ಚೋಣ ಅಂತ ಬಾಗಿಲ ಕೆಳಗಿನ ಅಂಚಿಗೆ ಜಾಕಿ ಕೊಟ್ಟು ತಿರುಗಿಸಿದೆ. ಜಾಕಿ ಏರಿತು, ಕಾರು ಏರಲಿಲ್ಲ. ಹಪ್ಪಳ ಮುರಿದಂಥ ಸದ್ದಾಗಿ ಜಾಕಿಯ ತಲೆ ಒಳಗೆ ಹೋಗಿ ಕೂತಿತ್ತು. ಎಳೆದು ತೆಗೆದರೆ ಕಾಫಿಪುಡಿ ಬಣ್ಣದ ತುಕ್ಕು ಒಂದು ಹಿಡಿ ಉದುರಿತು. ಟಿಂಕರಿಂಗ್ ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ನಾಲ್ಕು ಕಡೆ ತಟ್ಟಿ, “ಎಂಜಿನ್ ಇಳಿಸಿ ಮಾರಿಬಿಡಿ ಸಾರ್, ಬಾಡಿ ತೂಕಕ್ಕೆ ಹೋಗುತ್ತೆ” ಅಂದರು. ಅಷ್ಟರಲ್ಲಿ ನಾನು ಹೊಸ ಟೈರು ಹಾಕಿಸಿಯಾಗಿತ್ತು.

ಯಾವ ಕಾರು ಅನ್ನೋದಕ್ಕೆ ಬರೋಣ. ವಿಡಿಯೋಗಳಲ್ಲಿ ಅಮೆರಿಕದವರೋ ಇಂಗ್ಲೆಂಡಿನವರೋ ಶೆಡ್ಡಿನಲ್ಲಿ ಬಿಚ್ಚಿ ಕಟ್ಟುವ ಎರಡು ಸೀಟಿನ ಮಜ್ದಾ ಎಂಎಕ್ಸ್-5 ನಿಮ್ಮ ತಲೆಯಲ್ಲಿದ್ದರೆ ಅದನ್ನು ಅಲ್ಲೇ ಬಿಡಿ. 1989ರಲ್ಲಿ ಬಂದು, 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾದ ಕಾರು ಅದು. ನಮ್ಮಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಹೊರಗಿನಿಂದ ತರಿಸಲು ನಮ್ಮ ಆಮದು ನಿಯಮ ಬಿಡುವುದಿಲ್ಲ, ಬಿಟ್ಟಿದ್ದರೂ ಸುಂಕಕ್ಕೇ ತೋಟ ಮಾರಬೇಕಾಗುತ್ತಿತ್ತು. ನಮ್ಮಲ್ಲೇ ಆದ, ಬಡವರ ಕೈಗೆಟಕುವ ಎರಡು ಸೀಟಿನ ಕಾರು ಅಂದರೆ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್. ಫೈಬರ್ ಬಾಡಿ, ರೆನೊ ಕಂಪನಿಯ 1,149 ಸಿಸಿ ಎಂಜಿನ್. ತಮಾಷೆಯ ಕಾರು, ಆದರೆ ಬಿಡಿಭಾಗ ಹುಡುಕುತ್ತಾ ಹೊಸಬರು ಸೋತುಹೋಗುತ್ತಾರೆ.

ಹಾಗಾಗಿ ಹಳೆಯ ಕಾಲದ ಚುರುಕು ಎಂಜಿನ್ನಿನ ಮನೆ ಕಾರುಗಳೇ ನಮ್ಮ ಸ್ಪೋರ್ಟ್ಸ್ ಕಾರು. 2000ದ ಆಸುಪಾಸಿನ ಹೋಂಡಾ ಸಿಟಿ 1.5 ವಿಟೆಕ್ (106 ಅಶ್ವಶಕ್ತಿ), ಮಾರುತಿಯ ಹಳೆಯ ಸೆಡಾನ್ ಬಲೆನೊ, 2001ರಲ್ಲಿ ಬಂದ ಫಿಯೆಟ್ ಪ್ಯಾಲಿಯೊ 1.6 (100 ಅಶ್ವಶಕ್ತಿ), ಇನ್ನೂ ಸರಳ ಬೇಕಾದರೆ ಮಾರುತಿ ಎಸ್ಟೀಮ್. ಗದ್ದೆ ಕೊಯ್ಲಾದ ಮೇಲೆ ನಮ್ಮ ಜಿಲ್ಲೆಯಲ್ಲಿ ನಡೆಯುವ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲಿನ ಕಾರು ಓಟ, ನೋಡಿದವರಿಗೆ ಇವುಗಳ ಪರಿಚಯ ಇದ್ದೇ ಇರುತ್ತದೆ. ಮಾರುತಿಯ ಜೀಪು ಜಿಪ್ಸಿ ಯಾಕೆ ಇಲ್ಲ ಅಂತ ಕೇಳಬೇಡಿ. ಅದು ಕೊಡಗಿನ ಕುಲದೈವದ ಹಾಗೆ, ಬೆಲೆಯೂ ಹಾಗೇ. ನನ್ನ ಆಯ್ಕೆ ಕೇಳಿದರೆ ಮೊದಲ ಕಾರಿಗೆ ಎಸ್ಟೀಮ್. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗ ಇದೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದಾರೆ. ವಿಟೆಕ್ ಎರಡನೆಯ ಕಾರಾಗಲಿ.

ಒಂದು ಲೆಕ್ಕ ಯಾರೂ ಹೇಳುವುದಿಲ್ಲ. ಕಡ್ಡಾಯ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರದಲ್ಲಿ 1,000 ದಾಟಿ 1,500 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಅದು ದಾಟಿದರೆ 7,897, ಜಿಎಸ್‌ಟಿ ಬೇರೆ. ಸಿಟಿ ವಿಟೆಕ್ 1,500ರ ಒಳಗಿದೆ; ಪ್ಯಾಲಿಯೊ 1.6, ಬಲೆನೊ ಎರಡೂ ಹೊರಗೆ. ನೂರು ಸಿಸಿಯ ವ್ಯತ್ಯಾಸಕ್ಕೆ ವರ್ಷವರ್ಷವೂ ಒಂದು ಬ್ಯಾಟರಿಯ ದುಡ್ಡು.

ಈಗ ತಳ. ಕಾರು ಎಲ್ಲಿ ಬಾಳಿತು ಅನ್ನೋದು ಎಷ್ಟು ಕಿಲೋಮೀಟರ್ ಓಡಿತು ಅನ್ನೋದಕ್ಕಿಂತ ದೊಡ್ಡ ವಿಷಯ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಮಳೆಯನ್ನು ಆಗಲ್ಲ. ಮಂಗಳೂರು, ಕಣ್ಣೂರು ಕಡೆಯ ಕಾರಿಗೆ ಉಪ್ಪುಗಾಳಿ ಬಡಿದಿರುತ್ತದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯದು ವರ್ಷದಲ್ಲಿ ನಾಲ್ಕು ತಿಂಗಳು ಒಣಗಿಯೇ ಇರುವುದಿಲ್ಲ. ಹುಣಸೂರು, ಮೈಸೂರು, ಹಾಸನ, ಇನ್ನೂ ಆಚೆ ಚಿತ್ರದುರ್ಗದ ಕಡೆ ಹುಡುಕಿ. ಬಣ್ಣ ಬಿಸಿಲಿಗೆ ಮಾಸಿರಬಹುದು, ತಗಡು ಗಟ್ಟಿ ಇರುತ್ತದೆ. ಮಾಸಿದ ಬಣ್ಣ ನೋಡಿ ಮೂಗು ಮುರಿಯಬೇಡಿ, ಅದರಿಂದಲೇ ಬೆಲೆ ಇಳಿಯುವುದು.

ನೋಡಲು ಹೋಗುವಾಗ ಟಾರ್ಚು, ಹಳೆಯ ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮಲಗಲು ಒಂದು ಗೋಣಿಚೀಲ ಇರಲಿ. ಬಾಗಿಲು, ಚಕ್ರದ ಮೇಲಿನ ಕಮಾನು, ಇಲ್ಲೆಲ್ಲ ಅಯಸ್ಕಾಂತ ಹಿಡಿಯದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಬಟ್ಟಲಿನ ಸುತ್ತ ನೋಡಿ. ಅಲ್ಲಿ ಬಿರುಕೋ ಒರಟು ವೆಲ್ಡಿಂಗೋ ಕಂಡರೆ ನಮಸ್ಕಾರ ಹೇಳಿ ಬನ್ನಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಗುಂಡಿ ನೋಡಿ. ಕಾಲಡಿಯ ಮ್ಯಾಟ್ ಎತ್ತಿ ಕೈಯಿಂದ ಒತ್ತಿ. ನಮ್ಮ ಕಡೆಯ ಕಾರುಗಳಿಗೆ ಒಂದು ವಿಶೇಷ ಕಾಯಿಲೆ ಇದೆ: ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ತೊಟ್ಟಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿಕೊಂಡು ನೀರು ಹೋಗುವ ತೂತು ಕಟ್ಟುತ್ತದೆ. ನೀರು ಒಳಕ್ಕೆ ಇಳಿದು ಕಾರ್ಪೆಟ್ಟಿನ ಅಡಿ ಮಡುಗಟ್ಟುತ್ತದೆ, ತಳ ಒಳಗಿನಿಂದ ಕೊಳೆಯುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಸೀಟಿನ ರೈಲಿನಲ್ಲಿ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಗೆರೆ, ಎಷ್ಟು ಸುಗಂಧ ಹೊಡೆದರೂ ಹೋಗದ ಮುಗ್ಗಲು ವಾಸನೆ ಇದ್ದರೆ ಆ ಕಾರು ನೀರಲ್ಲಿ ಮುಳುಗಿತ್ತು ಅಂತ ಅರ್ಥ. 2018ರ ಆಗಸ್ಟಿನ ಪ್ರವಾಹ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಧ್ಯವಾದರೆ ಜೂನ್, ಜುಲೈನಲ್ಲಿ ಕಾರು ನೋಡಿ. ಮಳೆಯಲ್ಲಿ ನಿಂತ ಕಾರು ಸುಳ್ಳು ಹೇಳಲಾರದು, ಕೊಳ್ಳುವವರೂ ಕಡಿಮೆ. ಕಾಫಿ ದುಡ್ಡು ಕೈಗೆ ಬಂದ ಮಾರ್ಚ್, ಏಪ್ರಿಲ್‌ನಲ್ಲಿ ಚೌಕಾಸಿ ಕಷ್ಟ.

ಎಂಜಿನ್ ವಿಷಯ ಚಿಕ್ಕದು. ನೀವು ಹೋಗುವ ಹೊತ್ತಿಗೆ ಅದು ತಣ್ಣಗಿರಬೇಕು. ಬೆಚ್ಚಗೆ ಮಾಡಿ ಇಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದ ಅಡಿ ಹಾಲಿನ ಕೆನೆಯಂಥ ಪದಾರ್ಥ, ಎರಡೂ ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಸೀಲು, ಹೋಗಿದೆ. ರೇಡಿಯೇಟರ್ ನೀರು ತುಕ್ಕು ಬಣ್ಣಕ್ಕಿದ್ದರೆ ಕೂಲಂಟ್ ಬದಲು ನಲ್ಲಿ ನೀರು ಹೊಯ್ದಿದ್ದಾರೆ. “ಥರ್ಮೋಸ್ಟಾಟ್ ತೆಗೆಸಿದ್ದೀನಿ, ಇನ್ನು ಹೀಟ್ ಆಗೋ ಮಾತೇ ಇಲ್ಲ” ಅಂತ ಹೆಮ್ಮೆಯಿಂದ ಹೇಳುವವರು ಸಿಗುತ್ತಾರೆ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ತಡೆದು ನಿಲ್ಲಿಸುವ ಕವಾಟ ಅದು; ಅದಿಲ್ಲದೆ ಮಡಿಕೇರಿಯ ಚಳಿಯಲ್ಲಿ ಆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಕುಡಿಯುತ್ತಾ ಬೇಗ ಸವೆಯುತ್ತದೆ. ಇದನ್ನೆಲ್ಲ ಸರಿ ಮಾಡಬಹುದು, ಚೌಕಾಸಿಗೂ ಬರುತ್ತದೆ.

ದಾಖಲೆ ಮಾತ್ರ ತಳದಷ್ಟೇ ಮುಖ್ಯ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 2022ರಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ. ನವೀಕರಣ ಮಾರುವವರೇ ಮಾಡಿಸಿ ಕೊಡಲಿ ಅಂತ ಹಟ ಹಿಡಿಯಿರಿ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾರಿನ ಮೇಲೆ ನಿಮ್ಮ ಕಣ್ಣಾರೆ ಓದಿ. ಚುರುಕು ಕಾರುಗಳಲ್ಲಿ ಎಂಜಿನ್ ಬದಲಾಗಿರುವುದು ಮಾಮೂಲು, ಆರ್‌ಟಿಒ ದಾಖಲೆಗೆ ಏರದಿದ್ದರೆ ನಾಳೆಯ ತಲೆನೋವು ನಿಮ್ಮದು. ದಿಲ್ಲಿ ನೋಂದಣಿಯ ಕಾರು ಅರ್ಧ ಬೆಲೆಗೆ ಅಂತ ಯಾರಾದರೂ ಬಂದರೆ, ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಬಿದ್ದ ನಿರ್ಬಂಧ ನೆನಪಿಸಿಕೊಳ್ಳಿ. ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ಜೀವಾವಧಿ ತೆರಿಗೆ, ಓಡಾಟ ಎಲ್ಲ ಸೇರಿದರೆ ಅಗ್ಗ ಉಳಿಯುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಬಿದ್ದು, ಸಾಲ ಇದ್ದರೆ ಅದು ತೀರಿದ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ಎರಡು ಲಕ್ಷ ಇದೆ ಅಂದಿರಲ್ಲ, ಕಾರಿಗೆ 1.2 ಲಕ್ಷ ದಾಟಬೇಡಿ. ಉಳಿದದ್ದನ್ನು ಕಾರೇ ಕೇಳಿ ಪಡೆಯುತ್ತದೆ. ಓಡುವ ಕಾರನ್ನೇ ತನ್ನಿ. ಬಿಚ್ಚಿ ಡಬ್ಬಿಗಳಲ್ಲಿ ತುಂಬಿಟ್ಟ ಕಾರು ತಂದ ಹೊಸಬರಲ್ಲಿ ಅದನ್ನು ರಸ್ತೆಗಿಳಿಸಿದವರನ್ನು ನಾನಂತೂ ಕಂಡಿಲ್ಲ.

ಕೆಲಸಕ್ಕೆ ಜಾಗ ಎಲ್ಲಿ? ತೋಟದ ಮನೆಯವರಿಗೆ ದೇವರು ಕೊಟ್ಟ ವರ್ಕ್‌ಶಾಪ್ ಅಂದರೆ ಕಾಫಿ ಕಣ. ಸಮತಟ್ಟು, ಸಿಮೆಂಟು, ಬೆಳಕು. ಹಣ್ಣು ಒಣಗುವ ತಿಂಗಳುಗಳಲ್ಲಿ ಅದರ ಹತ್ತಿರ ಸುಳಿಯಬೇಡಿ, ಕಾಫಿಗೆ ಆಯಿಲ್ ವಾಸನೆ ತಾಗಿದರೆ ಅಪ್ಪ ಕಾರಿನ ಜೊತೆ ನಿಮ್ಮನ್ನೂ ಹೊರಗೆ ನಿಲ್ಲಿಸುತ್ತಾರೆ. ಏಪ್ರಿಲ್, ಮೇ ನಿಮ್ಮದು. ಕಣಕ್ಕೆ ಟಾರ್ಪಾಲು ಹಾಸಿಕೊಂಡೇ ಕೆಲಸ ಮಾಡಿ. ಬರೀ ಜಾಕಿ ಮೇಲೆ ನಿಂತ ಕಾರಿನ ಅಡಿ ಯಾವ ಕಾರಣಕ್ಕೂ ತಲೆ ಹಾಕಬೇಡಿ, ಕಲ್ಲು ಇಟ್ಟಿಗೆ ಕೊಟ್ಟೂ ಅಲ್ಲ. ಮೊದಲ ಖರೀದಿ ಎತ್ತಿದ ಕಾರಿನ ಭಾರ ಹೊರುವ ಒಂದು ಜೊತೆ ಜಾಕ್ ಸ್ಟ್ಯಾಂಡ್. ಆಮೇಲೆ ಸಾಕೆಟ್ ಸೆಟ್, ಮಲ್ಟಿಮೀಟರ್, ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್. ಹೊಸಬರು ನಟ್ಟು ಸಡಿಲ ಬಿಡುವುದಕ್ಕಿಂತ ಹೆಚ್ಚು ಬಿಗಿದು ಕೆಡಿಸುತ್ತಾರೆ. ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ ಬೋಲ್ಟಿನ ಥ್ರೆಡ್ ಹೋಗುವುದು ಹೀಗೇ.

ಮೊದಲು ಮಾಡುವ ಕೆಲಸ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ಕೇಳಬೇಕೇ? ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿದ ಮೇಲೆ ಅದು 155ರವರೆಗೆ ಇಳಿಯಬಹುದು. ಸಂಪಾಜೆ ಘಾಟಿಯನ್ನೋ ಮಾಕುಟ್ಟವನ್ನೋ ಇಳಿಯುವಾಗ ಬ್ರೇಕ್ ಕಾದು ಆ ಆಯಿಲ್ ಕುದಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಪೂರ್ತಿ ಹಳೆಯದನ್ನು ತೆಗೆದು ಹೊಸದು ತುಂಬುವುದು ಇಬ್ಬರು ಮಾಡುವ ಕೆಲಸ, ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಮುಚ್ಚಬೇಕು. ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಮೇಲೆ ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲಂಟ್, ಫಿಲ್ಟರ್‌ಗಳು. ಇವು ನೀವೇ ಕಲಿಯುವಂಥವು. ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಅಂತ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. ಬೆಲ್ಟ್ ಕಡಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುವ ಎಂಜಿನ್‌ಗಳಿವೆ. ಆ ಕೆಲಸ ಮೊದಲ ವರ್ಷ ಮೆಕ್ಯಾನಿಕ್‌ಗೆ ಬಿಡಿ, ಪಕ್ಕದಲ್ಲಿ ನಿಂತು ನೋಡಿ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನೂ ಬದಲಿಸಿ. ಎಥನಾಲೂ ನೀರು ಹೀರುವ ಜಾತಿಯದೇ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಓಡಿಸಿದರೆ ಇಲಿಯೂ ವೈರಿಂಗಿಗೆ ಬಾಯಿ ಹಾಕುವುದು ಕಡಿಮೆ. ಬಿಡಿಭಾಗ ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲೂ ಇಲ್ಲದಿದ್ದರೆ ಶಿವಾಜಿನಗರದ ಗುಜರಿ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಫೋಟೊ ತೋರಿಸಿ ತಂದದ್ದು ಕೂರುವುದಿಲ್ಲ.

ಅಪ್ಪನ ಮಾತು ಉಳಿಯಿತು. ಕಾರು ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ವರ್ಷಾನುಗಟ್ಟಲೆ ಪಂಪ್‌ಸೆಟ್ಟು, ಟಿಲ್ಲರು ಓಡಿಸಿದವರ ಕಿವಿಗೆ ಎಂಜಿನ್ನಿನ ಸದ್ದು ನಿಮಗಿಂತ ಚೆನ್ನಾಗಿ ತಿಳಿಯುತ್ತದೆ. ಅವರು ಬಾನೆಟ್ ಹತ್ತಿರ ನಿಂತು ಕೇಳಿಸಿಕೊಳ್ಳಲಿ. ಎಂಜಿನ್ ಆಫ್ ಮಾಡಿದ ಮೇಲೆ ಟಾರ್ಚು ಅವರ ಕೈಗೆ ಕೊಟ್ಟು, ಗೋಣಿಚೀಲ ಹಾಸಿ ಅಡಿಗೆ ನೀವು ಹೋಗಿ.